ಎರಡನೇ ಮಗು ಬರುವ ಮುಂಚೆ, ಬಂದ ಮೇಲೆ: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಮೊದಲ ಮಗು ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರೂ ಹೊಸಬರು. ಎರಡನೆಯದರ ಹೊತ್ತಿಗೆ ತೇಗು ಬರಿಸುವುದು, ಹಸಿವಿನ ಅಳು ಯಾವುದು ನಿದ್ದೆಯ ಅಳು ಯಾವುದು ಎಂದು ಗುರುತು ಹಿಡಿಯುವುದು, ರಾತ್ರಿ ಮೂರಕ್ಕೆ ಎದ್ದು ಕೂರುವುದು, ಎಲ್ಲ ರೂಢಿಯಾಗಿರುತ್ತದೆ. ಈ ಸಲ ಮನೆಯಲ್ಲಿ ಏನೂ ಗೊತ್ತಿಲ್ಲದ ಜೀವ ಒಂದೇ: ಅಮ್ಮನ ಪಕ್ಕದ ದಿಂಬು ತನ್ನದೇ ಎಂದುಕೊಂಡಿರುವ ಮೊದಲ ಮಗು. ಹಾಗಾಗಿ ಇಲ್ಲಿ ಆಸ್ಪತ್ರೆ, ರಜೆ, ಕಾಗದಪತ್ರದ ವಿಷಯವೂ ಇದೆ, ಆದರೆ ಹೆಚ್ಚು ಜಾಗ ಆ ಮಗುವಿಗೆ. ಅದರಲ್ಲೂ ಆ ಮಗುವಿನ ಸುತ್ತ ಕೂತು ಮಾತಾಡುವ ದೊಡ್ಡವರಿಗೆ. ಎರಡರಿಂದ ಐದು ವರ್ಷದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಫಜೀತಿ ಹೆಚ್ಚಾಗುವುದು ಆ ವಯಸ್ಸಿನಲ್ಲೇ.

1. ಮೊದಲು ತಾಯಿಯ ಮೈ

ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ನಿಲ್ಲುವುದಕ್ಕೆ ಕನಿಷ್ಠ 24 ತಿಂಗಳಾದರೂ ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಇಬ್ಬರು ಮಕ್ಕಳ ನಡುವೆ ಹೆಚ್ಚುಕಡಿಮೆ ಮೂರು ವರ್ಷ. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಈ ಅಂತರ ಇನ್ನೂ ಮುಖ್ಯ, ಗರ್ಭಕೋಶದ ಗಾಯ ಗಟ್ಟಿಯಾಗಬೇಕು. ಒಂದು ಸಲ ಸಿಸೇರಿಯನ್ ಆದರೆ ಮುಂದೆಯೂ ಅದೇ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಹಾಗೇನಿಲ್ಲ. ಹಳೆಯ ಕೊಯ್ತ ಎಲ್ಲಿ, ಯಾವ ದಿಕ್ಕಿಗಿದೆ, ಆಗ ಯಾಕೆ ಮಾಡಿದರು ಎನ್ನುವುದನ್ನು ನೋಡಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ವೈದ್ಯರು ಹೇಳುತ್ತಾರೆ. ಪ್ರಯತ್ನಿಸುವುದಾದರೆ ತಕ್ಷಣ ಆಪರೇಷನ್ ಮಾಡುವ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮರಿ ಬೀರುವಿನ ಯಾವ ಮೂಲೆಯಲ್ಲಿದೆಯೋ ಈಗಲೇ ಹುಡುಕಿಡಿ.

ರಕ್ತದ ಗುಂಪಿನ ವಿಷಯ ಮೊದಲ ಮಗುವಿಗಿಂತ ಎರಡನೆಯದಕ್ಕೆ ಹೆಚ್ಚು ಮುಖ್ಯ. ತಾಯಿಯದು ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ, ಮೊದಲ ಹೆರಿಗೆಯಲ್ಲಿ ಮಗುವಿನ ಪಾಸಿಟಿವ್ ರಕ್ತ ತಾಯಿಯ ರಕ್ತಕ್ಕೆ ಸೇರಿ, ಅದರ ವಿರುದ್ಧ ಪ್ರತಿಕಾಯ ಹುಟ್ಟಿರಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆ ಪ್ರತಿಕಾಯಗಳು ಎರಡನೇ ಮಗುವಿನ ಕೆಂಪು ರಕ್ತಕಣಗಳ ಮೇಲೆ ಬೀಳುತ್ತವೆ. ಇದನ್ನು ತಡೆಯುವುದಕ್ಕೇ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುವುದು. ಆಗ ಅದನ್ನು ಕೊಟ್ಟಿದ್ದರೇ, ನಡುವೆ ಗರ್ಭಪಾತ ಏನಾದರೂ ಆಗಿತ್ತೇ, ಇವೆರಡನ್ನೂ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ. ರಕ್ತದಲ್ಲಿ ಆ ಪ್ರತಿಕಾಯ ಇದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ಬರೆದುಕೊಡುತ್ತಾರೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಹಿಮೋಗ್ಲೋಬಿನ್ ನೋಡಿಸಿ, ಎರಡನೇ ಬಸುರಿನಲ್ಲಿ "ಎಲ್ಲ ಗೊತ್ತು ಬಿಡು" ಎಂದು ಕಬ್ಬಿಣದ ಮಾತ್ರೆ ಡಬ್ಬಿಯಲ್ಲೇ ಉಳಿದುಬಿಡುತ್ತದೆ. ಹಿಂದಿನ ಬಸುರಿನಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಎರಡೂ ಡೋಸ್ ಆಗಿ, ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದು ಬೂಸ್ಟರ್ ಸಾಕು. ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ. ಮೊದಲನೆಯದು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ, ಬಸುರು ಆರೋಗ್ಯವಾಗಿದ್ದಲ್ಲಿ, ತಕ್ಷಣ ಬಿಡಿಸಲೇಬೇಕೆಂದಿಲ್ಲ. ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ, ರಕ್ತಸ್ರಾವ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ಬಿಡಿಸುವುದಾದರೆ ಹೆರಿಗೆಗೆ ಎರಡು ಮೂರು ತಿಂಗಳು ಮುಂಚೆಯೇ ಮುಗಿಸಿ. ಮೊನ್ನೆ ತನಗೆ ಬೇಡ ಎಂದ ಹಾಲು ಇವತ್ತು ಇನ್ನೊಬ್ಬರ ಬಾಯಲ್ಲಿದ್ದರೆ ಯಾವ ಮಗು ತಾನೇ ಸುಮ್ಮನಿದ್ದೀತು?

2. ರಜೆ, ದುಡ್ಡು, ಒಂದು ಕಾನೂನು

ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ ಎರಡನೇ ಮಗುವಿಗೂ 26 ವಾರ ಸಂಬಳ ಸಹಿತ ರಜೆ ಉಂಟು. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. 12 ವಾರಕ್ಕೆ ಇಳಿಯುವುದು ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ. ಇದನ್ನು ತಪ್ಪು ತಿಳಿದುಕೊಂಡ ಎಚ್‌ಆರ್‌ನವರೂ ಇರುತ್ತಾರೆ, ನೀವು ತಿಳಿದಿರಿ. ಆರೋಗ್ಯ ವಿಮೆಯಲ್ಲಿ ಹೆರಿಗೆಗೆ ಕಾಯುವ ಅವಧಿ ಇರುವುದು ಸಾಮಾನ್ಯ, ಆದ್ದರಿಂದ ಪಾಲಿಸಿಯನ್ನು ಗರ್ಭ ನಿಲ್ಲುವ ಮುಂಚೆಯೇ ಓದಬೇಕು.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿ, ಅರ್ಜಿಗೆ ಗಡುವು ಇದೆ. ಸುಕನ್ಯಾ ಸಮೃದ್ಧಿ ಖಾತೆ ಮೊದಲ ಮಗಳಿಗೆ ತೆಗೆದಿದ್ದರೂ ಎರಡನೇ ಮಗಳಿಗೂ ತೆಗೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೆ ಸಾಕು.

ಇನ್ನು ಆ ಮಾತು. ಮೊದಲನೆಯದು ಹೆಣ್ಣಾಗಿದ್ದರೆ "ಈ ಸಲ ಗಂಡಾಗಲಿ" ಎಂಬ ಹಾರೈಕೆ ಬಸುರಿಯ ಕಿವಿಗೆ ದಿನಕ್ಕೊಮ್ಮೆ ಬೀಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಲಿಂಗ ಕೇಳುವುದು, ಹೇಳುವುದು ಎರಡೂ 1994ರ ಕಾಯ್ದೆಯಡಿ ಅಪರಾಧ. ಅದು ಆಸ್ಪತ್ರೆಯ ಗೋಡೆಯ ಮೇಲೂ ಬರೆದಿರುತ್ತದೆ. ಗೋಡೆಯ ಮೇಲೆ ಬರೆಯದ ಇನ್ನೊಂದು ವಿಷಯವಿದೆ: ಆ ಹಾರೈಕೆಯನ್ನು ಮೊದಲ ಮಗಳೂ ಕೇಳಿಸಿಕೊಳ್ಳುತ್ತಿರುತ್ತಾಳೆ. ನಾಲ್ಕು ವರ್ಷದವಳಿಗೆ ಅದು ತಲುಪುವುದು "ನೀನು ಸಾಲದಾದೆ" ಎಂದೇ. ಇಂಥ ಮಾತಿಗೆ ಅವಳ ಎದುರಿಗೇ ಉತ್ತರ ಹೋಗಬೇಕು, ನಗುತ್ತಲೇ ಆದರೂ ಸರಿ: "ಇವಳಂಥದ್ದೇ ಇನ್ನೊಂದು ಆದ್ರೆ ನಮಗೆ ಹಬ್ಬ, ಅತ್ತೆ."

3. ಮಗುವಿಗೆ ಹೇಳುವುದು

ಸಣ್ಣವರಿಗೆ ತೀರ ಬೇಗ ಹೇಳಬೇಡಿ. ಎರಡು ವರ್ಷದ ಮಗುವಿಗೆ ಏಳು ತಿಂಗಳೂ ಒಂದೇ, ಏಳು ಜನ್ಮವೂ ಒಂದೇ. ಹೊಟ್ಟೆ ಕಾಣುವ ಹೊತ್ತಿಗೆ ಹೇಳಿದರೆ ಸಾಕು. ಆದರೆ ಹೇಳುವವರು ನೀವೇ ಆಗಿರಿ, ಪಕ್ಕದ ಮನೆ ಆಂಟಿಯಿಂದ ಸುದ್ದಿ ಹೋಗಬಾರದು. ತಿಂಗಳ ಲೆಕ್ಕದ ಬದಲು ಹಬ್ಬದ ಲೆಕ್ಕ ಕೊಡಿ: "ಗಣಪತಿ ಹಬ್ಬ ಆಗುತ್ತೆ, ದೀಪಾವಳಿ ಪಟಾಕಿ ಆಗುತ್ತೆ, ಆಮೇಲೆ ಪಾಪು ಬರುತ್ತೆ."

"ನಿನ್ನ ಜೊತೆ ಆಡೋಕೆ ಪಾಪು ಬರುತ್ತೆ" ಎನ್ನುವುದು ಸುಳ್ಳು ಭರವಸೆ. ಬರುವುದು ಮಲಗುವ, ಅಳುವ, ಹಾಲು ಕುಡಿಯುವ ಒಂದು ಗಂಟು ಬಟ್ಟೆ. ಕ್ರಿಕೆಟ್ ಬ್ಯಾಟ್ ಹಿಡಿದು ಕಾಯುತ್ತಿದ್ದ ಹುಡುಗನಿಗೆ ಎಂಥ ನಿರಾಸೆ! ಇದ್ದದ್ದನ್ನು ಇದ್ದ ಹಾಗೆ ಹೇಳಿ: ತುಂಬ ಅಳುತ್ತೆ, ಮೊದಲು ನಡೆಯೋಕೆ ಬರಲ್ಲ, ಮಾತಾಡೋಕೂ ಬರಲ್ಲ. ಅವನದೇ ಹಸುಗೂಸಿನ ಫೋಟೋ ತೆಗೆದು ತೋರಿಸಿ, "ನೀನೂ ಹೀಗೇ ಇದ್ದೆ, ನಿನಗೂ ಅಜ್ಜಿ ಎಣ್ಣೆ ತಿಕ್ಕಿ ನೀರು ಹಾಕ್ತಿದ್ರು" ಎಂದು ಕತೆ ಮಾಡಿ. ಬರುವವರ ಬಗ್ಗೆ ಹತ್ತು ಮಾತು ಹೇಳುವುದಕ್ಕಿಂತ ತನ್ನ ಬಗ್ಗೆ ಹೇಳಿದ ಒಂದು ಮಾತು ಆ ವಯಸ್ಸಿನವರಿಗೆ ಇಷ್ಟ.

4. ದೊಡ್ಡವರ ಬಾಯಿಗೆ ಬೀಗ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ.

ಸೀಮಂತದ ಮನೆ. ಊಟ ಮುಗಿದು ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ಮೂರು ವರ್ಷದ ಹುಡುಗಿ ರೇಷ್ಮೆ ಲಂಗ ಎತ್ತಿಕೊಂಡು ಅಮ್ಮನ ಕಡೆ ಓಡಿದಾಗ ಯಾರೋ ಕೈ ಹಿಡಿದು ನಿಲ್ಲಿಸುತ್ತಾರೆ. "ಏನಮ್ಮಾ, ಇನ್ನು ನಿನ್ನ ಯಾರೂ ಕೇಳಲ್ಲ. ಅಮ್ಮ ಪಾಪುನೇ ಎತ್ಕೊಳ್ಳೋದು. ನೀನು ನಮ್ಮನೆಗೆ ಬಂದ್ಬಿಡು." ಎಲ್ಲರಿಗೂ ನಗು. ಹುಡುಗಿಯೂ ಒಂದು ಕ್ಷಣ ನಗುತ್ತಾಳೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು. ಆಮೇಲೆ ಅಮ್ಮನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡವಳು ಮನೆಗೆ ಹೋಗುವ ತನಕ ಬಿಡುವುದಿಲ್ಲ. ಹೇಳಿದವರು ಕೆಟ್ಟವರಲ್ಲ, ಅವರ ಚಿಕ್ಕಂದಿನಲ್ಲಿ ಅವರಿಗೂ ಯಾರೋ ಹೀಗೇ ಹೇಳಿರುತ್ತಾರೆ. ಆದರೆ ಹೊಟ್ಟೆಕಿಚ್ಚು ಎಂಬುದನ್ನು ಮಗುವಿಗೆ ಕಲಿಸಿಕೊಡುವುದು ಬಹುಮಟ್ಟಿಗೆ ಈ ತಮಾಷೆಗಳೇ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮನೆಯವರನ್ನು, ಬಂದುಹೋಗುವ ನೆಂಟರನ್ನು, ಕೆಲಸಕ್ಕೆ ಬರುವವರನ್ನು ಮೊದಲೇ ಕೂರಿಸಿ ಹೇಳಿಬಿಡಿ. ಬೇಡದ ಮಾತುಗಳು ಇಷ್ಟು: "ನಿನ್ನ ಜಾಗ ಹೋಯ್ತು", "ಪಾಪುನ ನಾವು ತಗೊಂಡು ಹೋಗ್ತೀವಿ", "ನೀನು ಗಲಾಟೆ ಮಾಡಿದ್ರೆ ಅಮ್ಮಂಗೆ ಪಾಪುನೇ ಇಷ್ಟ ಆಗುತ್ತೆ", "ಯಾರು ಬೆಳ್ಳಗಿದಾರೆ ನೋಡೋಣ". ಇವುಗಳ ಜೊತೆ ಒಳ್ಳೆಯ ಮಾತಿನ ವೇಷದ ಇನ್ನೊಂದು: "ನೀನೀಗ ದೊಡ್ಡವಳು." ಮೂರು ವರ್ಷಕ್ಕೆ ಯಾರೂ ದೊಡ್ಡವರಲ್ಲ. ಅತ್ತೆಯವರಿಗೆ ಸೊಸೆ ಹೇಳಿದರೆ ಮುನಿಸಾಗಬಹುದು. ತನ್ನ ತಾಯಿಗೆ ಮಗನೇ ಹೇಳುವುದು ಜಾಣತನ. ಏನು ಹೇಳಬಾರದು ಎಂದಷ್ಟೇ ಹೇಳಿ ಕೈಬಿಡಬೇಡಿ, ಕೆಲಸ ಕೊಡಿ: "ಅಮ್ಮಾ, ಪಾಪು ನೋಡೋಕೆ ಬಂದೋರು ಮೊದಲು ಇವಳನ್ನ ಮಾತಾಡಿಸೋ ಹಾಗೆ ನೀನೇ ನೋಡ್ಕೋಬೇಕು." ಜವಾಬ್ದಾರಿ ಸಿಕ್ಕ ಅಜ್ಜಿ ಬಂದವರನ್ನೆಲ್ಲ ತಿದ್ದುತ್ತಾರೆ.

5. ಬದಲಾವಣೆಗಳು ಮುಂಚೆಯೇ ಆಗಲಿ

ಬೇರೆ ಹಾಸಿಗೆ, ಪಾಟಿ ಕೂರುವ ಅಭ್ಯಾಸ, ಬಾಟಲಿ ಬಿಡಿಸುವುದು, ಪ್ಲೇ ಹೋಂ ಅಥವಾ ಎಲ್‌ಕೆಜಿ ಸೇರಿಸುವುದು: ಇವು ಹೆರಿಗೆಗೆ ಮೂರು ತಿಂಗಳು ಮುಂಚೆ ಮುಗಿದಿರಲಿ, ಇಲ್ಲವೇ ಹೆರಿಗೆಯಾಗಿ ನಾಲ್ಕೈದು ತಿಂಗಳ ಮೇಲೆ ಶುರುವಾಗಲಿ. ಜೂನ್‌ನಲ್ಲಿ ಶಾಲೆ, ಜೂನ್‌ನಲ್ಲೇ ತಂಗಿ ಎಂದಾದರೆ ತನ್ನನ್ನು ಮನೆಯಿಂದ ಸಾಗಹಾಕಲಿಕ್ಕೇ ಶಾಲೆ ಎಂದು ಮಗುವಿಗೆ ಅನ್ನಿಸುವುದು ಸಹಜ.

ಎಲ್ಲಕ್ಕಿಂತ ಮುಖ್ಯ, ಅಮ್ಮನೇ ಮಾಡಬೇಕೆಂದಿರುವ ಕೆಲಸಗಳನ್ನು ಆರನೇ ತಿಂಗಳಿನಿಂದ ಒಂದೊಂದಾಗಿ ಅಪ್ಪನ ಕೈಗೆ ದಾಟಿಸಿ. ಮೊದಲು ಸ್ನಾನ, ಆಮೇಲೆ ರಾತ್ರಿ ಊಟ, ಕೊನೆಗೆ ಮಲಗಿಸುವುದು. ಮಲಗಿಸುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೆ ಒಂದು ತಿಂಗಳಾದರೂ ಹಿಡಿಯುತ್ತದೆ. ಅಪ್ಪ ಕತೆ ಹೇಳಿದರೆ "ನೀನಲ್ಲ, ಅಮ್ಮ" ಎಂದು ಅಳುತ್ತದೆ. ಆ ಅಳು ಈಗಲೇ ಆಗಿ ಮುಗಿಯಲಿ. ಸಿಸೇರಿಯನ್ ಆದರೆ ಆರು ವಾರ ಭಾರ ಎತ್ತುವ ಹಾಗಿಲ್ಲ. ಹಾಗಾಗಿ ಅಮ್ಮ ಕೂತುಕೊಂಡಾಗ ತಾನೇ ಬಂದು ಮಡಿಲು ಹತ್ತುವ ಅಭ್ಯಾಸವನ್ನೂ ಈಗಿನಿಂದಲೇ ಮಾಡಿಸಿ.

6. ತವರಿಗೋ, ಇಲ್ಲೇನೋ

ಮೊದಲ ಬಾಣಂತನ ತವರಲ್ಲಿ ಎನ್ನುವುದು ನಮ್ಮಲ್ಲಿ ಹೆಚ್ಚಿನವರ ವಾಡಿಕೆ. ಎರಡನೆಯದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಇಲ್ಲಿ ನೋಡಬೇಕಾದ್ದು ವಾಡಿಕೆಗಿಂತ ಮೊದಲ ಮಗುವಿನ ದಿನಚರಿ. ಅದು ಇನ್ನೂ ಶಾಲೆಗೆ ಹೋಗುತ್ತಿಲ್ಲವೇ? ತಾಯಿಯ ಜೊತೆ ತವರಿಗೆ ಹೋಗಲಿ, ಆದರೆ ಹೆರಿಗೆಗೆ ತಿಂಗಳು ಮುಂಚೆಯೇ ಹೋಗಿ ಅಲ್ಲಿನ ಮನೆಗೆ ಹೊಂದಿಕೊಳ್ಳಲಿ. ಶಾಲೆಗೆ ಹೋಗುತ್ತಿದ್ದರೆ ಅಜ್ಜಿಯೇ ಇಲ್ಲಿಗೆ ಬರುವುದು ಒಳ್ಳೆಯದು. ಅಮ್ಮ ತವರಲ್ಲಿ, ಮಗು ಅಪ್ಪನ ಜೊತೆ ಬೆಂಗಳೂರಲ್ಲಿ, ವಾರಕ್ಕೊಮ್ಮೆ ವಿಡಿಯೊ ಕಾಲ್: ಈ ಏರ್ಪಾಡನ್ನು ಮಾತ್ರ ಆದಷ್ಟು ತಪ್ಪಿಸಿ.

ಪುರುಡಿನ ದಿನಗಳ ಬಗ್ಗೆಯೂ ಮೊದಲೇ ಮಾತಾಡಿ. ಕೆಲವು ಮನೆಗಳಲ್ಲಿ ಹತ್ತು ಹನ್ನೊಂದು ದಿನ ಬಾಣಂತಿಯನ್ನು ಮುಟ್ಟುವ ಹಾಗಿಲ್ಲ. ದೊಡ್ಡವರಿಗೆ ಅದು ಶಾಸ್ತ್ರ. ಬಾಗಿಲ ಆಚೆ ನಿಂತು, ಒಳಗೆ ಅಮ್ಮ ಬೇರೊಂದು ಮಗುವನ್ನು ಮಡಿಲಲ್ಲಿಟ್ಟುಕೊಂಡಿರುವುದನ್ನು ನೋಡುವ ಮಗುವಿಗೆ ಅದು ಇನ್ನೇನೋ. ಎಳೆಮಕ್ಕಳಿಗೆ ಮೈಲಿಗೆ ಇಲ್ಲ ಎನ್ನುವ ಹಿರಿಯರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಬಾಯಿಂದಲೇ ಹೇಳಿಸಿ.

7. ಹೆರಿಗೆಯ ದಿನ

ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಮೊದಲ ಸಲ ಹದಿನೆಂಟು ಗಂಟೆ ನೋವು ತಿಂದೆ ಎಂಬ ಧೈರ್ಯದಲ್ಲಿ ಮನೆಯಲ್ಲೇ ಕೂರಬೇಡಿ. 36ನೇ ವಾರಕ್ಕೆ ಬ್ಯಾಗ್ ಸಿದ್ಧವಿರಲಿ, ಗಾಡಿ ಸಿಗದಿದ್ದರೆ 108 ಇದೆ. ಬ್ಯಾಗಿಗಿಂತ ಮುಂಚೆ ಸಿದ್ಧವಾಗಬೇಕಾದ್ದು ಇನ್ನೊಂದು: ನಡುರಾತ್ರಿ ನೋವು ಬಂದರೆ ಮೊದಲ ಮಗುವಿನ ಹತ್ತಿರ ಯಾರು? ಒಬ್ಬರಲ್ಲ, ಇಬ್ಬರ ಹೆಸರು ಗೊತ್ತು ಮಾಡಿ. ಅವರ ಮನೆಯಲ್ಲಿ ಮಗು ಒಂದೆರಡು ರಾತ್ರಿ ಮಲಗಿ ಅಭ್ಯಾಸವಾಗಿರಲಿ. ಯಾವ ಹೊದಿಕೆ ಬೇಕು, ಹಾಲಿಗೆ ಸಕ್ಕರೆ ಎಷ್ಟು, ಮಲಗುವಾಗ ಯಾವ ಹಾಡು ಎಂದು ಒಂದು ಚೀಟಿ ಬರೆದು ಫ್ರಿಜ್‌ಗೆ ಅಂಟಿಸಿ.

ಮಗು ನಿದ್ದೆ ಮಾಡುವಾಗ ಕದ್ದು ಹೊರಡಬೇಕಾಗಿ ಬಂದರೆ, "ಹಾಗೆ ಆದ್ರೆ ಬೆಳಿಗ್ಗೆ ಎದ್ದಾಗ ಚಿಕ್ಕಮ್ಮ ಇರ್ತಾಳೆ" ಎಂದು ವಾರದ ಮುಂಚೆಯಿಂದಲೇ ಹೇಳುತ್ತಿರಿ.

8. ಮೊದಲ ಭೇಟಿ

ಮೊದಲನೆಯದು ವಾರ್ಡ್‌ಗೆ ಕಾಲಿಡುವಾಗ ಕೂಸು ತೊಟ್ಟಿಲಲ್ಲೋ ಅಜ್ಜಿಯ ಕೈಯಲ್ಲೋ ಇರಲಿ, ಅಮ್ಮನ ಕೈ ಖಾಲಿ ಇರಲಿ. ನೆಂಟರ ಗುಂಪು ಹೊರಗಿರಲಿ. ಮೊದಲು ಅಪ್ಪಿಕೊಳ್ಳಿ, ಇವತ್ತು ಏನು ತಿಂದೆ ಎಂದು ಕೇಳಿ. ತೊಟ್ಟಿಲ ಕಡೆ ಅದಾಗಿ ನೋಡುವ ತನಕ ತಾಳಿ. ನೋಡಿ "ಹೂಂ" ಎಂದು ಬಿಸ್ಕೆಟ್ ಕೇಳಿದರೆ ಬಿಸ್ಕೆಟ್ ಕೊಡಿ. ಮುದ್ದು ಮಾಡು, ಮುತ್ತು ಕೊಡು, ಫೋಟೋಗೆ ನಗು ಎಂದು ಒತ್ತಾಯಿಸಬೇಡಿ. ನೆಗಡಿ ಕೆಮ್ಮು ಇದ್ದರೆ ಕೂಸಿನ ಕೈಗೆ ಮುಖಕ್ಕೆ ಬೇಡ, ಪಾದ ಮುಟ್ಟಲಿ, ಅದೂ ಕೈ ತೊಳೆದು. ನೋಡಲು ಬರುವವರು ಕೂಸಿಗೆ ತರುವ ಉಡುಗೊರೆಗಳ ರಾಶಿಯ ಎದುರು ಬರಿಗೈಲಿ ನಿಲ್ಲದಂತೆ, ಮೊದಲ ಮಗುವಿಗೆಂದೇ ಐದಾರು ಸಣ್ಣ ಸಾಮಾನು ಮೊದಲೇ ಕೊಂಡು ಬಚ್ಚಿಡಿ.

9. ಬಾಣಂತನದ ಮೂರು ತಿಂಗಳು

ಒದ್ದೆ ಮಾಡಿಕೊಳ್ಳುವುದು ನಿಂತು ವರ್ಷವಾದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಬೆರಳು ಚೀಪುತ್ತದೆ, ತೊದಲುತ್ತದೆ, ತೊಟ್ಟಿಲಲ್ಲಿ ತಾನೂ ಮಲಗುತ್ತೇನೆ ಎನ್ನುತ್ತದೆ. ಇವಕ್ಕೆ ಬೈಯಬೇಡಿ. ಗಟ್ಟಿ ತೊಟ್ಟಿಲಾಗಿದ್ದರೆ ಕೂಸನ್ನು ಎತ್ತಿಕೊಂಡು, ದೊಡ್ಡದನ್ನು ಕೂರಿಸಿ ನಾಲ್ಕು ಸಲ ತೂಗಿ "ಜೋಜೋ" ಹಾಡಿ. ಐದು ನಿಮಿಷಕ್ಕೆ ಬೇಜಾರಾಗಿ ಇಳಿದು ಓಡುತ್ತದೆ. ಬೇಡ ಎಂದರೆ ಅದೇ ಹಟ ತಿಂಗಳುಗಟ್ಟಲೆ ಎಳೆಯುತ್ತದೆ. ಎದೆಹಾಲು ಕೇಳಿದರೂ ಅಷ್ಟೆ, ಒಂದು ಗುಟುಕು ರುಚಿ ನೋಡಿ ಹೆಚ್ಚಿನವು ಮುಖ ಕಿವಿಚುತ್ತವೆ. ಇಬ್ಬರಿಗೂ ಹಾಲುಣಿಸುವುದಾದರೆ ಮೊದಲ ದಿನಗಳ ಗಿಣ್ಣುಹಾಲು ಕೂಸಿಗೆ ಮೊದಲು ಸಿಗಬೇಕು.

ದಿನಕ್ಕೆ ಹದಿನೈದು ನಿಮಿಷ ಅಮ್ಮ ಪೂರ್ತಿ ಮೊದಲ ಮಗುವಿಗೆ. ಬೆಳಿಗ್ಗೆ ಬಾಣಂತಿ ಸ್ನಾನವಾಗಿ ಕೂಸು ಮಲಗಿದ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಮೊಬೈಲ್ ಆಚೆ ಇರಲಿ, ಆಟ ಯಾವುದೆಂದು ಮಗುವೇ ಹೇಳಲಿ. ಹಾಲು ಕುಡಿಸುವಾಗಲೇ ಗಲಾಟೆ ಜಾಸ್ತಿ, ಅಮ್ಮನ ಎರಡೂ ಕೈ ಕಟ್ಟಿಹಾಕಿದ ಹಾಗಿರುತ್ತವಲ್ಲ. ಹಾಲು ಕುಡಿಸುವ ಜಾಗದ ಪಕ್ಕ ಒಂದು ಡಬ್ಬಿಯಲ್ಲಿ ಪುಸ್ತಕ, ಬಣ್ಣದ ಕಡ್ಡಿ, ಒಂದಿಷ್ಟು ಮಂಡಕ್ಕಿ ಇಡಿ. ಬಾಣಂತಿಗೆ ಮಾಡಿದ ಅಂಟಿನುಂಡೆಯಲ್ಲಿ ಒಂದು ಚೂರು ಅದಕ್ಕೂ ಸಲ್ಲಲಿ. ಮತ್ತು ಮರೆಯದೆ, ಕೂಸಿಗೂ ಒಮ್ಮೊಮ್ಮೆ ಗಟ್ಟಿಯಾಗಿ ಹೇಳಿ: "ಪಾಪು, ಸ್ವಲ್ಪ ತಾಳು, ಈಗ ಅಕ್ಕನ ಸರದಿ."

ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಐದು ವರ್ಷದೊಳಗಿನ ಮಗುವನ್ನೂ ಕೂಸನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಅಡುಗೆಮನೆಗೂ ಹೋಗಬೇಡಿ. ಅಪಾಯ ಬರುವುದು ಸಿಟ್ಟಿಗಿಂತ ಹೆಚ್ಚಾಗಿ ಪ್ರೀತಿಯಿಂದ: ಅಳುವ ಪಾಪುವಿನ ಬಾಯಿಗೆ ತನ್ನ ಚಕ್ಕುಲಿ ಚೂರು ಇಡುವುದು, ಚಳಿಯಾಗುತ್ತೆ ಎಂದು ಮುಖದ ಮೇಲೆ ದುಪ್ಪಟಿ ಹೊದಿಸುವುದು, ಎತ್ತಿಕೊಳ್ಳಲು ಹೋಗುವುದು. ಹೊಡೆದರೆ ಕೈ ಹಿಡಿದು ತಡೆಯಿರಿ, "ಹೊಡೆಯೋಕೆ ಬಿಡಲ್ಲ. ಸಿಟ್ಟು ಬಂದಿದ್ಯಾ? ದಿಂಬಿಗೆ ಗುದ್ದು" ಎನ್ನಿ. ತಿರುಗಿ ಹೊಡೆದರೆ ನೀವು ಹೇಳಿದ ಮಾತಿಗೆ ಬೆಲೆ ಇರುವುದಿಲ್ಲ. ಕೂಸಿಗೆ ಆರು ತಿಂಗಳು ಎದೆಹಾಲೊಂದೇ. ಜೇನುತುಪ್ಪ ವರ್ಷ ತುಂಬುವ ತನಕ ಬೇಡ, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ಧೂಪವಂತೂ ಇಬ್ಬರು ಮಕ್ಕಳಿಗೂ ಕೆಟ್ಟದ್ದು.

ನಾಮಕರಣದಲ್ಲಿ ಮೊದಲ ಮಗುವಿಗೊಂದು ಪಾತ್ರ ಇರಲಿ. ಉತ್ತರ ಕರ್ನಾಟಕದ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಆ ಕೆಲಸಕ್ಕೆ ಅಣ್ಣನಿಗಿಂತ ತಕ್ಕವರು ಯಾರು? ಗುದ್ದಲು ಇಡೀ ಮನೆ ಅನುಮತಿ ಕೊಡುವ ದಿನ ಅದೊಂದೇ.

10. ಕಾಗದಪತ್ರ ಮತ್ತು ಅಮ್ಮನ ಮನಸ್ಸು

ಜನನ ನೋಂದಣಿ 21 ದಿನದೊಳಗೆ. ಹೆಸರು ಇಡುವುದಕ್ಕಾಗಿ ಕಾಯಬೇಡಿ. ಹೆಸರಿಲ್ಲದೆ ನೋಂದಾಯಿಸಿ, ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಎಲ್ಲಕ್ಕೂ ಇದೇ ದಾಖಲೆ. ಅಪ್ಪ ಅಮ್ಮನ ಹೆಸರಿನ ಕಾಗುಣಿತ, ಇನಿಷಿಯಲ್ ಮೊದಲ ಮಗುವಿನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೇ ಇದೆಯೇ ನೋಡಿ. ಆಧಾರ್, ರೇಷನ್ ಕಾರ್ಡ್, ವಿಮೆ ಅದರ ಹಿಂದೆ ಬರುತ್ತವೆ. ಹುಟ್ಟಿದಾಗಿನ ಲಸಿಕೆ ಆಸ್ಪತ್ರೆಯಲ್ಲೇ ಆಗುತ್ತದೆ, ಮುಂದಿನವು ಆರು, ಹತ್ತು, ಹದಿನಾಲ್ಕನೇ ವಾರಕ್ಕೆ. ಈ ಗಡಿಬಿಡಿಯಲ್ಲಿ ಮೊದಲನೆಯದರ ಬೂಸ್ಟರ್ ತಪ್ಪಿಹೋಗುವುದು ತೀರ ಸಾಮಾನ್ಯ. ಹೊರಡುವಾಗ ಎರಡು ಕಾರ್ಡನ್ನೂ ಒಟ್ಟಿಗೆ ತೆಗೆದು ನೋಡಿ.

ಹೆರಿಗೆಯಾದ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದುಂಟು. ಅದು ಎರಡು ವಾರ ದಾಟಿದರೆ, ಕೂಸು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ, ಎರಡೂ ಮಕ್ಕಳು ಬೇಡ ಅನ್ನಿಸಿದರೆ ವೈದ್ಯರಿಗೆ ಹೇಳಲೇಬೇಕು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ದೊಡ್ಡದಕ್ಕೆ ಮೋಸ ಮಾಡಿದೆ ಎಂಬ ಕೊರಗು ಎರಡನೇ ಸಲದ ತಾಯಂದಿರಲ್ಲಿ ಬಹಳ. ಅದನ್ನು ಗಂಡನ ಹತ್ತಿರ ಬಾಯಿಬಿಟ್ಟು ಹೇಳಿ. ಕೂಸಿನ ಬಟ್ಟೆ ಬದಲಿಸುವುದು, ತೇಗು ಬರಿಸುವುದು ಅಪ್ಪನ ಪಾಲಿಗೆ ಬಂದರೆ ಆ ಹದಿನೈದು ನಿಮಿಷ ಅರ್ಧ ಗಂಟೆಯಾಗುತ್ತದೆ.

11. ಅಂಬೆಗಾಲಿನ ಕಾಲ

ಮೂರು ತಿಂಗಳಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರುತ್ತೀರಿ. ನಿಜವಾದ ಜಗಳ ಶುರುವಾಗುವುದು ಏಳೆಂಟನೇ ತಿಂಗಳಿಗೆ, ಕೂಸು ತೆವಳಿಕೊಂಡು ಹೋಗಿ ಅಣ್ಣ ಕಟ್ಟಿದ ಬ್ಲಾಕ್ಸ್ ಗೋಪುರ ಬೀಳಿಸಿದ ದಿನ. ಅಷ್ಟರೊಳಗೆ ಅಣ್ಣನ ಸಾಮಾನಿಗೆ ಕೂಸಿಗೆ ಎಟುಕದ ಒಂದು ಶೆಲ್ಫ್ ಮಾಡಿಕೊಡಿ. ಅದರಲ್ಲಿರುವುದನ್ನು ಅವನು ಯಾರಿಗೂ ಕೊಡಬೇಕಾಗಿಲ್ಲ, ಬಂದ ನೆಂಟರ ಮಕ್ಕಳಿಗೂ. ಗುಂಡಿ, ನಾಣ್ಯ, ಸಣ್ಣ ಬ್ಯಾಟರಿಯ ಆಟಿಕೆಗಳೂ ಅಲ್ಲಿಗೇ ಹೋಗಲಿ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕಾಲ ಅದು. "ಚಿಕ್ಕದಲ್ವಾ, ಬಿಟ್ಕೊಡು" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಒಂದು ಸಲ ನುಂಗಿ, ಕೂಸನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಲೋಟ, ಒಂದು ಚಮಚ ಅದರ ಕೈಗೆ ಕೊಡಿ.